ಹಲ್ಲಿ ಯಾರ ಲೆಕ್ಕಕ್ಕೆ

ನಾಲ್ಕು ಸಾವಿರದ ನೂರ ಎಪ್ಪತ್ತೆರಡು.
ಅಲ್ಲಿಗೆ ನಿಂತಿತು.
ದೀಪ ಉರಿಯುತ್ತಿತ್ತು, ಮಿಕ್ಸಿ ತಿರುಗುತ್ತಿತ್ತು,
ಹೊಲಿಗೆ ಮಿಷನ್ನಿನ ಮೋಟಾರು
ಎಂದಿನಂತೆ ಗೊಣಗುತ್ತಿತ್ತು,
ಅಂಕಿ ಮಾತ್ರ ಅಲ್ಲಾಡಲಿಲ್ಲ.
ಅರಸೀಕೆರೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ
ಎರಡು ದಿನ ಯಾರಿಗೂ ಹೇಳಲಿಲ್ಲ.
ಸುಳ್ಳೇಕೆ, ಖುಷಿಯಾಗಿತ್ತು.

ಮೂರನೆಯ ದಿನ ಲೈನ್‌ಮನ್ ಓಂಕಾರಪ್ಪ
ಸ್ಟೂಲು ಹತ್ತಿ, ಟಾರ್ಚು ಬಿಟ್ಟು,
ಗಾಜಿಗೆ ಕಣ್ಣಿಟ್ಟು
"ಅಕ್ಕಾ, ಹಲ್ಲಿ" ಅಂದ.
ವೈರು ಹೋಗುವ ತೂತಿನಲ್ಲಿ ನುಸುಳಿ
ಬೆಚ್ಚಗಿದೆ ಅಂತ ಮಲಗಿತ್ತೋ ಏನೋ,
ಬಾಲ ಒಂದು ಕಡೆ, ಅದು ಒಂದು ಕಡೆ,
ಒಣಗಿದ ಹುಣಸೆ ಸಿಪ್ಪೆಯ ಹಾಗೆ.

ಮನೆಯೊಡತಿ ದಾಕ್ಷಾಯಿಣಮ್ಮ ಪಂಚಾಂಗ ತೆಗೆದರು.
ನೆತ್ತಿಗೆ ಬಿದ್ದರೆ ಕಲಹ,
ಬಲಭುಜಕ್ಕೆ ಬಿದ್ದರೆ ಜಯ,
ಹೊಕ್ಕುಳಿಗೆ ಧನಲಾಭ.
ಮೀಟರಿಗೆ ಬಿದ್ದರೆ ಏನೆಂದು
ಬರೆದವರಿಗೂ ಹೊಳೆದಿರಲಿಲ್ಲ.
"ಹೆಸರು ನನ್ನದಿರಬಹುದು ಕಣೇ ಗೌರಮಣಿ,
ಉರಿಸಿದವಳು ನೀನು"
ಅಂತ ಪುಸ್ತಕ ಮುಚ್ಚಿದರು.

ಆಫೀಸಿನಲ್ಲಿ ಮೂರು ಕಿಟಕಿ.
ಒಂದನೆಯದು ಎರಡನೆಯದನ್ನು ತೋರಿಸಿತು,
ಎರಡನೆಯದು ಊಟಕ್ಕೆ ಹೋಗಿತ್ತು.
ಮೂರನೆಯದರಲ್ಲಿ ಗುಮಾಸ್ತರು
ಕನ್ನಡಕ ಹಣೆಗೇರಿಸಿ ಹೇಳಿದರು:
ತಾನಾಗಿ ಕೆಟ್ಟರೆ ನಮ್ಮದು,
ನೀವಾಗಿ ಕೆಡಿಸಿದರೆ ನಿಮ್ಮದು.
ಹಲ್ಲಿ?
ಹಲ್ಲಿ ನಿಮ್ಮ ಗೋಡೆಯದು.

ನಾನಂದೆ: ಸ್ವಾಮಿ, ಗೋಡೆ ದಾಕ್ಷಾಯಿಣಮ್ಮನದು,
ಡಬ್ಬಿ ನಿಮ್ಮದು, ಸೀಸದ ಸೀಲು ನಿಮ್ಮದು,
ಬೆರಳಿಟ್ಟರೆ ದಂಡ ಅಂತ ಬರೆದದ್ದೂ ನೀವೇ.
ನಾನು ಮುಟ್ಟಬಾರದ ಮನೆಯೊಳಗೆ
ಅದನ್ನು ಬಿಟ್ಟುಕೊಂಡವರು ಯಾರು?
ನಾನೇನು ಅದಕ್ಕೆ ರೇಷನ್ ಕಾರ್ಡು ಮಾಡಿಸಿದ್ದೆನಾ?

ಆಗಲೇ ಟ್ಯೂಬ್‌ಲೈಟಿನ ಪಟ್ಟಿಯ ಹಿಂದಿನಿಂದ
ಲೊಚ್ ಲೊಚ್ ಲೊಚ್.
ಇಡೀ ಆಫೀಸು ಮೇಜು ಕುಟ್ಟಿ
ಕೃಷ್ಣ ಕೃಷ್ಣ ಅಂದಿತು,
ಗುಮಾಸ್ತರೂ ಅಂದರು,
ಕ್ಯೂನಲ್ಲಿದ್ದ ಬೀಡಾ ಅಂಗಡಿಯವನೂ.
ನುಡಿದದ್ದು ಸತ್ಯ ಅಂತ ಅರ್ಥ.
ಆದರೆ ಅವರೂ ಮಾತಾಡುತ್ತಿದ್ದರು, ನಾನೂ ಮಾತಾಡುತ್ತಿದ್ದೆ.
ಯಾರ ಮಾತಿಗೆ ಲೊಚಗುಟ್ಟಿತೋ,
ತಗಾದೆ ಅಲ್ಲೇ ಉಳಿಯಿತು.

ಕೊನೆಗೆ ಸರಾಸರಿ ಹಾಕಿದರು.
ಹಿಂದಿನ ಮೂರು ತಿಂಗಳು ಕೂಡಿ, ಮೂರರಿಂದ ಭಾಗಿಸಿ.
ಆ ಮೂರು ತಿಂಗಳು ಮದುವೆಯ ಮೇಲೆ ಮದುವೆ!
ಬಾಣಾವರದ ಹುಡುಗಿಯ ಹನ್ನೊಂದು ರವಿಕೆ,
ಗಂಡಸಿಯ ಬೀಗಿತ್ತಿಗೆ ಕೊನೇ ಗಳಿಗೆಯ ಫಾಲ್ಸು,
ರಾತ್ರಿ ಒಂದರ ರೈಲು ಹೋದ ಮೇಲೂ
ಆರದ ಬಲ್ಬು.
ಈಗ ಆಷಾಢ.
ಮಿಷನ್ನಿಗೆ ಹಳೇ ಸೀರೆ ಹೊದಿಸಿದೆ,
ಅದರ ಮೇಲೆ ಪುಸ್ತಕವಿಟ್ಟು ಮಗಳು ಮಗ್ಗಿ ಬರೆಯುತ್ತಾಳೆ.
ಯಾರದೋ ಮದುವೆಯ ಬೆಳಕಿಗೆ
ಕೆಲಸವಿಲ್ಲದ ತಿಂಗಳಲ್ಲಿ ನಾನು ದುಡ್ಡು ಕಟ್ಟಬೇಕು.

ಕಟ್ಟಿದೆ.
ಅರ್ಧ ಬಾಡಿಗೆಯಲ್ಲಿ ಮುರಿದುಕೋ ಅಂದರು ದಾಕ್ಷಾಯಿಣಮ್ಮ.
ಮುಂದಿನ ತಿಂಗಳು ಬಾಡಿಗೆಯನ್ನೇ ಏರಿಸಿದರು.
ರಶೀದಿಯಲ್ಲಿ ಹಲ್ಲಿಯ ಹೆಸರಿಲ್ಲ,
"ಇತರೆ" ಅಂತಿದೆ.

ಹೊಸ ಮೀಟರು ಕೂರಿಸಲು ಓಂಕಾರಪ್ಪನೇ ಬಂದ.
ಹಳೆಯ ಹಲಗೆ ಬಿಚ್ಚಿದರೆ ಹಿಂದೆ
ಗೋಡೆಗಂಟಿದ ಎರಡು ಮೊಟ್ಟೆ,
ಅವರೆಕಾಳಿನಷ್ಟು.
"ಉದುರಿಸಲೇನಕ್ಕಾ?"
ಸ್ಕ್ರೂಡ್ರೈವರ್ ಮೇಲೆತ್ತಿದ್ದ.
ನಾನು ಸುಮ್ಮನಿದ್ದೆ. ಅವನೂ ಸುಮ್ಮನಾದ.
ಹಲಗೆಯನ್ನು ನಾಲ್ಕು ಬೆರಳು ಪಕ್ಕಕ್ಕೆ ಹೊಡೆದ.
ವೈರಿನ ತೂತಿಗೆ ನನ್ನದೇ ದುಡ್ಡಿನ ಎಂಸೀಲು
ರೊಟ್ಟಿ ಹಿಟ್ಟಿನ ಹಾಗೆ ನಾದಿ ಮೆತ್ತಿದೆ.
ಮುಟ್ಟಬಹುದೋ ಬಾರದೋ
ಕೇಳಲಿಲ್ಲ.

ಹೊಸ ಅಂಕಿ ಬಂತು:
ಸೊನ್ನೆ ಸೊನ್ನೆ ಸೊನ್ನೆ ಒಂದು.
ಇನ್ನೂ ಸ್ವಿಚ್ಚೇ ಹಾಕಿಲ್ಲ, ಒಂದು ಹೇಗೆ?
"ಪರೀಕ್ಷೆಗೆ ಅಂತ ಆಫೀಸಿನಲ್ಲಿ ಉರಿಸಿದ್ದಕ್ಕಾ,"
ಸ್ಟೂಲಿಂದ ಇಳಿಯುತ್ತ ಅಂದ,
"ಅದೂ ನಿಮ್ಮ ಲೆಕ್ಕಕ್ಕೇ."